ಡಯಾಲಿಸಿಸ್ ನಡೆಯುವ ಮನೆಯಲ್ಲಿ ಪ್ರಾರ್ಥನೆ: ಮುಂಬಯಿಯ ಕನ್ನಡ ಕ್ರೈಸ್ತ ಸಭೆಯೊಂದರ ಪ್ರಕರಣ ಅಧ್ಯಯನ

ಇದು ಮುಂಬಯಿಯ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ ನಡೆದದ್ದು. ಕುಟುಂಬದ ಒಪ್ಪಿಗೆ ಪಡೆದು ಬರೆಯಲಾಗಿದೆ. ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟಿದೆ ಅಥವಾ ಬದಲಿಸಿದೆ. ದಂಪತಿಯನ್ನು ಇಲ್ಲಿ ಅಣ್ಣ, ಅಕ್ಕ ಎಂದಷ್ಟೇ ಕರೆದಿದೆ. ಸಭೆಯಲ್ಲೂ ಅವರನ್ನು ಹಾಗೆಯೇ ಕರೆಯುತ್ತಾರೆ.

ಹಿನ್ನೆಲೆ

ಬೀದರ್ ಕಡೆಯಿಂದ ಬಂದ ಮೆಥೊಡಿಸ್ಟ್ ಮನೆತನ. ಅಣ್ಣ ಟೆಂಪೊ ಓಡಿಸುತ್ತಾರೆ, ಖರ್ಚು ಕಳೆದು ತಿಂಗಳಿಗೆ 22,000 ರೂಪಾಯಿ ಕೈಗೆ ಬರುತ್ತದೆ. ಚಾಳಿನಲ್ಲಿ ಬಾಡಿಗೆಯ ಒಂದು ಖೋಲಿ, ಹತ್ತನೆಯ ತರಗತಿಯಲ್ಲಿ ಓದುವ ಮಗಳು. ಅವರ ಸಭೆಗೆ ಸ್ವಂತ ಕಟ್ಟಡವಿಲ್ಲ. ಬೆಳಿಗ್ಗೆ ಮರಾಠಿ ಆರಾಧನೆ ನಡೆಯುವ ಚರ್ಚಿನಲ್ಲೇ ಸಂಜೆ 4ರಿಂದ 6ರವರೆಗೆ ಕನ್ನಡ ಆರಾಧನೆ. ಅಣ್ಣ ಭಜನೆಗಳಿಗೆ ಡೋಲಕ್ ಬಾರಿಸುವವರು, ಅಕ್ಕ ಮಹಿಳಾ ಸಂಘದಲ್ಲಿ ಓಡಾಡುವವರು. ನಂಬಿಕೆಯಲ್ಲಿ ಗಟ್ಟಿ ಎಂದು ಸಭೆ ಯಾರನ್ನು ತೋರಿಸುತ್ತದೋ ಅಂಥ ಮನೆ.

ಅಕ್ಕನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಬಿ.ಪಿ. ಕಾಲಿನ ಬಾವು ಇಳಿಯದೆ ಹೋದಾಗ ತಪಾಸಣೆ ಮಾಡಿಸಿದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಡಯಾಲಿಸಿಸ್ (ಮಷಿನ್ನಿನಿಂದ ರಕ್ತ ಶುದ್ಧಿ ಮಾಡುವುದು) ಆಗಲೇಬೇಕು ಎಂದರು ವೈದ್ಯರು. ಹತ್ತಿರದ ಖಾಸಗಿ ಕೇಂದ್ರದಲ್ಲಿ ಒಂದು ಸಲಕ್ಕೆ 1,400 ರೂಪಾಯಿ. ತಿಂಗಳಿಗೆ 13 ಸಲವೆಂದರೆ 18,200. ಅದು ಆಗದ ಮಾತು ಎಂದು ವಾರಕ್ಕೆ 2 ಸಲಕ್ಕೆ ಇಳಿಸಿದರು. ಆಗಲೂ ತಿಂಗಳಿಗೆ 9 ಸಲ, 12,600 ರೂಪಾಯಿ. ಭಿಶಿಯ (ಚೀಟಿಯ) ಹಣ ಎತ್ತಿದರು. ಅದು ಮುಗಿದ ಮೇಲೆ ನೂರಕ್ಕೆ ತಿಂಗಳಿಗೆ 3ರ ಬಡ್ಡಿಯಂತೆ 1,80,000 ಸಾಲ ತಂದರು, ಬಡ್ಡಿಯೇ 5,400. ಎರಡೂ ಕಳೆದರೆ ಬಾಡಿಗೆ, ಊಟ, ಮಗಳ ಶಾಲೆಗೆ ಉಳಿಯುವುದು 4,000. ಈ ಮನೆಯ ನಂಬಿಕೆಯ ಕಷ್ಟವನ್ನು ಅರಿಯಬೇಕಾದವರು ಮೊದಲು ಈ 4,000ವನ್ನು ನೋಡಬೇಕು. ಸಭೆ ಅದನ್ನು ಬಹಳ ತಡವಾಗಿ ನೋಡಿತು.

ತೊಡಕು

ಪರಿಚಿತರೊಬ್ಬರು ಅವರನ್ನು ಬೇರೆಡೆ ನಡೆಯುವ ಸ್ವಸ್ಥತೆಯ ಕೂಟಕ್ಕೆ ಕರೆದೊಯ್ದರು. ಅಲ್ಲಿ ಹೇಳಿದ್ದು ಎರಡು ಮಾತು. ದೊಡ್ಡ ಅದ್ಭುತಕ್ಕೆ ದೊಡ್ಡ ಬಿತ್ತನೆಯ ಕಾಣಿಕೆ ಬೇಕು. ಪೂರ್ಣ ನಂಬಿಕೆ ಇರುವವರು ಮಷಿನ್ ಮೇಲೆ ಆತುಕೊಳ್ಳುವುದಿಲ್ಲ. ಅಣ್ಣ ಸಾಲದ ಹಣದಿಂದಲೇ 25,000 ಕೊಟ್ಟರು. ಮೂರು ದಿನದ ಉಪವಾಸ ಪ್ರಾರ್ಥನೆಗೆ ಕೂತರು. ಗುರುವಾರದ ಡಯಾಲಿಸಿಸ್ ಬಿಟ್ಟರು, ಸೋಮವಾರದ್ದನ್ನೂ ಬಿಟ್ಟರು. ಉಪವಾಸ ಮುರಿಯಲು ಅಕ್ಕನಿಗೆ ಎಳನೀರು, ಬಾಳೆಹಣ್ಣು ಕೊಟ್ಟರು.

ಮಂಗಳವಾರ ರಾತ್ರಿ ಅಕ್ಕನಿಗೆ ಮಲಗಿದರೆ ಉಸಿರು ಸಿಗದಂತಾಯಿತು. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಕುಡಿದ ನೀರು ಹೊರಹೋಗಲು ದಾರಿ ಇರುವುದಿಲ್ಲ. ಅದು ಮೈಯಲ್ಲೇ ಉಳಿದು ಶ್ವಾಸಕೋಶಕ್ಕೆ ಏರುತ್ತದೆ. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಅದೂ ರಕ್ತದಲ್ಲೇ ನಿಂತು ಹೃದಯದ ಬಡಿತ ಕೆಡಿಸುತ್ತದೆ, ಏಕಾಏಕಿ ನಿಲ್ಲಿಸಲೂಬಹುದು. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರಿಂದ, ತುರ್ತು ಡಯಾಲಿಸಿಸ್ ಆದದ್ದರಿಂದ ಅಕ್ಕ ಉಳಿದರು.

ಅಣ್ಣ ಕೂಟದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: ಮನೆಯಲ್ಲಿ ಯಾರದೋ ಮುಚ್ಚಿಟ್ಟ ಪಾಪವಿದೆ, ಅದೇ ಅಡ್ಡ ನಿಂತಿದೆ. ಅಣ್ಣ ಹರೆಯದಲ್ಲಿ ಕುಡಿಯುತ್ತಿದ್ದರು. ಬಿಟ್ಟು ವರ್ಷಗಳಾಗಿದ್ದರೂ ಆ ಮಾತು ನೇರವಾಗಿ ಅವರ ಎದೆಗೇ ಇಳಿಯಿತು. ಮೊದಲ ಕೆಲವು ದಿನ, ಹೆಂಡತಿಗೆ ಈ ಗತಿ ನನ್ನಿಂದಲೇ ಬಂತು ಎಂಬ ಅಪರಾಧ ಭಾವ. ಆಮೇಲೆ ದೇವರ ಮೇಲೆ ಸಿಟ್ಟು. ಡೋಲಕ್ ಅಟ್ಟದ ಮೇಲೆ ಹೋಯಿತು. ಆರಾಧನೆಗೆ ಬರುವುದು ನಿಂತಿತು.

ಮೊದಲು ಮಾಡಿದ್ದು, ಅದು ಕೆಟ್ಟದ್ದು

ಸುದ್ದಿ ತಿಳಿದ ಸಭೆ ಪ್ರೀತಿಯಿಂದಲೇ ಓಡಿತು. ಒಂಬತ್ತು ಜನ ಆ ಖೋಲಿಗೆ ಹೋದರು, ಒಂದೂವರೆ ಗಂಟೆ ಪ್ರಾರ್ಥಿಸಿದರು, ಪ್ರತಿಯೊಬ್ಬರೂ ಒಂದೊಂದು ಬೈಬಲ್ ವಚನ ಹೇಳಿದರು. ರೋಮಾಪುರದವರಿಗೆ ಬರೆದ ಪತ್ರಿಕೆಯ 8:28 ಅಂದು ಮೂರು ಬಾಯಿಂದ ಬಂತು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಕೂಡಿಬರುತ್ತದೆ ಎಂಬ ಆ ಮಾತು ಸತ್ಯವೇ. ಆದರೆ ವಾರದ ಹಿಂದಷ್ಟೇ ಹೆಂಡತಿ ಉಸಿರಿಗಾಗಿ ಒದ್ದಾಡಿದ್ದನ್ನು ಕಂಡ ಗಂಡನಿಗೆ ಅದು ಬಾಯಿ ಮುಚ್ಚಿಸುವ ಮಾತಾಗಿ ಕೇಳಿಸಿತು. ಮುಂದಿನ ವಾರದಿಂದ ಸಭೆಯವರು ಬರುವ ಹೊತ್ತಿಗೆ ಅಣ್ಣ ಟೆಂಪೊ ತೆಗೆದುಕೊಂಡು ಹೊರಟುಬಿಡುತ್ತಿದ್ದರು.

ಈ ಭೇಟಿಗಳಲ್ಲಿ ಏನೇನು ತಪ್ಪಿತು ಎನ್ನುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹುತೇಕ ಎಲ್ಲ ಸಭೆಗಳಲ್ಲೂ ಇದೇ ನಡೆಯುತ್ತದೆ. ಡಯಾಲಿಸಿಸ್ ಮುಗಿಸಿ ಬಂದ ಸಂಜೆ ರೋಗಿಗೆ ಕೂರಲೂ ತ್ರಾಣವಿರುವುದಿಲ್ಲ. ಅದೇ ಸಂಜೆಯನ್ನೇ ಭೇಟಿಗೆ ಆರಿಸಿದ್ದರು. ಅಕ್ಕನಿಗೆ ದಿನಕ್ಕೆ ಒಟ್ಟು 800 ಮಿಲಿಲೀಟರ್ ದ್ರವ ಎಂದು ವೈದ್ಯರು ಮಿತಿ ಹಾಕಿದ್ದರು, ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ. ಬಂದವರ ಜೊತೆ ಮರ್ಯಾದೆಗೆಂದು ಎರಡು ಕಪ್ ಚಹಾ ಕುಡಿದರೆ ಕಾಲು ಭಾಗ ಅಲ್ಲಿಗೇ ಮುಗಿಯಿತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂದು ತಂದದ್ದು ಮತ್ತೆ ಎಳನೀರು, ಬಾಳೆಹಣ್ಣು.

ಇನ್ನೊಂದು ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಡಯಾಲಿಸಿಸ್‌ಗೆಂದು ಅಕ್ಕನ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರು. ರಕ್ತನಾಳ ಎರಡನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸುವ ಈ ಜಾಗ ಸೂಜಿ ಚುಚ್ಚಲು ಹದಕ್ಕೆ ಬರಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಬೆರಳಿಟ್ಟರೆ ಝುಮ್ಮೆನ್ನುವ ಕಂಪನ ತಿಳಿಯುತ್ತದೆ. ಅದು ನಿಂತರೆ ನಾಳ ಕಟ್ಟಿಕೊಂಡಿದೆ ಎಂದರ್ಥ. ಆ ಕೈಯನ್ನು ಒತ್ತಬಾರದು, ಅದರಲ್ಲಿ ಬಿ.ಪಿ. ನೋಡಬಾರದು, ಭಾರ ಎತ್ತಬಾರದು. ಹಿರಿಯ ಸಹೋದರಿಯೊಬ್ಬರು ಕಣ್ಣು ಮುಚ್ಚಿ ಆ ಕೈಯನ್ನೇ ಬಿಗಿಯಾಗಿ ಹಿಡಿದು ಬಹಳ ಹೊತ್ತು ಪ್ರಾರ್ಥಿಸಿದರು. ಫಿಸ್ಟುಲಾ ಹದವಾಗುವವರೆಗೆ ಕತ್ತಿನಲ್ಲಿ ಡಯಾಲಿಸಿಸ್‌ನ ನಳಿಕೆ, ಅಂದರೆ ಕ್ಯಾಥೆಟರ್ ಇತ್ತು. ಮತ್ತೊಬ್ಬರು ಅಭಿಷೇಕದ ಎಣ್ಣೆಯನ್ನು ಹಣೆಯಿಂದ ಕತ್ತಿನವರೆಗೂ ಸವರಿದರು. ಕ್ಯಾಥೆಟರ್ ಮೇಲೆ ಅಂಟಿಸಿದ ಪಟ್ಟಿಗೆ ಎಣ್ಣೆ ತಗುಲಿ ಪಟ್ಟಿ ಬಿಟ್ಟುಕೊಂಡರೆ ಸೋಂಕು ನೇರ ರಕ್ತಕ್ಕೆ ಹೋಗಬಹುದು. ಯಾಕೋಬನ ಪತ್ರಿಕೆ 5:14 ಎಣ್ಣೆ ಹಚ್ಚಿ ಪ್ರಾರ್ಥಿಸಿ ಎನ್ನುತ್ತದೆ. ಹಣೆಗೆ ಒಂದು ಬೊಟ್ಟು ಸಾಕು.

ಇಷ್ಟು ಸಾಲದೆಂಬಂತೆ ಅಕ್ಕನ ರಕ್ತ ಪರೀಕ್ಷೆಯ ವರದಿಯ ಫೋಟೊ ಪ್ರಾರ್ಥನಾ ವಿಷಯವಾಗಿ ವಾಟ್ಸಾಪ್‌ನಲ್ಲಿ ಊರೂರು ಸುತ್ತಿತು. ಬೀದರಿನ ನೆಂಟರಿಂದ ಫೋನ್ ಬಂದಾಗಲೇ ಮನೆಯವರಿಗೆ ಅದು ಗೊತ್ತಾದದ್ದು.

ದಾರಿ ಬದಲಿಸಿದ ನಿರ್ಧಾರ

ಸಭಾಪಾಲಕರು (ಪಾಸ್ಟರ್) ಗುಂಪು ಭೇಟಿಗಳನ್ನು ನಿಲ್ಲಿಸಿದರು. ಇದು ಸುಲಭದ ನಿರ್ಧಾರವಾಗಿರಲಿಲ್ಲ, ಪ್ರಾರ್ಥನೆಯನ್ನೇ ನಿಲ್ಲಿಸಿದರೆಂದು ಕೆಲವರು ನೊಂದುಕೊಂಡರು. ಆ ಮನೆಗೆ ಹೋಗುವವರು ಇಬ್ಬರೇ ಎಂದಾಯಿತು: ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಒಬ್ಬ ಸಹೋದರಿ, ಸಭೆಯ ಹಿರಿಯರೊಬ್ಬರು. ಹಿರಿಯರಿಗೆ ಕೊಟ್ಟ ಸೂಚನೆ ಒಂದೇ, ಅಣ್ಣ ಕೇಳದೆ ಉಪದೇಶ ಮಾಡಬಾರದು. ಬೈಬಲ್ಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಹೊತ್ತು ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ಹೇಳಲು ತೊಡಗಿದಾಗ ಕೆಟ್ಟರು, ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಅವರ ಮೇಲೆಯೇ ಬಂತು.

ಇಬ್ಬರೂ ಮೊದಲು ಮಾಡಿದ ಕೆಲಸ, ಅಕ್ಕನನ್ನು ಕೇಳಿದ್ದು. ಅಷ್ಟು ದಿನ ಎಲ್ಲರೂ ಅಕ್ಕನಿಗಾಗಿ ಪ್ರಾರ್ಥಿಸಿದ್ದರೇ ಹೊರತು, ಯಾವುದಕ್ಕಾಗಿ ಪ್ರಾರ್ಥಿಸಬೇಕು ಎಂದು ಕೇಳಿದವರಿಲ್ಲ. ಅಕ್ಕ ಹೇಳಿದ್ದು: ರಾತ್ರಿ ಎರಡು ತಾಸು ನಿದ್ದೆ ಬರಲಿ, ಮಗಳ ಪರೀಕ್ಷೆ ಸುಸೂತ್ರ ಆಗಲಿ, ಕರ್ತನ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಮನೆಗೇ ತಂದುಕೊಡಿ. ಡಯಾಲಿಸಿಸ್ ಬಿಡಲು ತನಗೆ ಎಂದೂ ಮನಸ್ಸಿರಲಿಲ್ಲ, ಗಂಡನ ಆಸೆಗೆ ಎದುರಾಡಲಾಗಲಿಲ್ಲ ಎಂದೂ ಅಂದೇ ಹೇಳಿದರು. ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಮಾಹಿತಿ ಇದು. ಅದನ್ನು ಪಡೆಯಲು ಬೇಕಾದದ್ದು ಒಂದು ಪ್ರಶ್ನೆ ಮಾತ್ರ.

ಮುಂದೆ ಕಷ್ಟವನ್ನು ಮೂರಾಗಿ ಬೇರ್ಪಡಿಸಿದರು. ದುಡ್ಡಿನದ್ದು, ಮನಸ್ಸಿನದ್ದು, ನಂಬಿಕೆಯದ್ದು. ಮೂರನ್ನೂ ಕಲಸಿ ಎಲ್ಲಕ್ಕೂ ಪ್ರಾರ್ಥನೆ ಒಂದೇ ಮದ್ದು ಎಂದಾಗಲೇ ಈ ಮನೆ ಮುರಿದಿತ್ತು.

*ದುಡ್ಡು.* ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2012ರಲ್ಲಿ ರಾಜೀವ್ ಗಾಂಧಿಯವರ ಹೆಸರಿನಲ್ಲಿ ಶುರುವಾಗಿ 2017ರಲ್ಲಿ ಈ ಹೆಸರು ಪಡೆದ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಹಾಯಕರ ಮೇಜು ಇರುತ್ತದೆ. ರೇಷನ್ ಕಾರ್ಡ್, ಆಧಾರ್, ವೈದ್ಯರ ಕಾಗದ ತೋರಿಸಿದರೆ ಆಸ್ಪತ್ರೆಯವರೇ ಮುಂಚಿತ ಅನುಮತಿ ಪಡೆಯುತ್ತಾರೆ. ಅಣ್ಣನಿಗೆ ಮುಂಬಯಿಯ ಕೇಸರಿ ಕಾರ್ಡ್ ಇತ್ತು, ಆದರೆ ಅದರಲ್ಲಿ ಅಕ್ಕನ ಹೆಸರಿರಲಿಲ್ಲ. ಅದು ಇನ್ನೂ ಬೀದರಿನ ಕಾರ್ಡಿನಲ್ಲೇ ಉಳಿದಿತ್ತು. ಹೊರರಾಜ್ಯದಿಂದ ಬಂದ ನಮ್ಮ ಜನರ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಊರಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ತರದೆ ಇಲ್ಲಿಯ ರೇಷನಿಂಗ್ ಆಫೀಸಿನಲ್ಲಿ ಹೆಸರು ಸೇರಿಸುವುದಿಲ್ಲ. ಊರಿನಲ್ಲಿದ್ದ ಮೈದುನ ಆ ಪತ್ರ ಮಾಡಿಸಿ ಕಳಿಸಿದರು, ಹಿರಿಯರು ಇಲ್ಲಿ ಸರದಿಯಲ್ಲಿ ನಿಂತರು. ಹೆಸರು ಸೇರಿತು, ಅನುಮತಿ ಬಂತು, ಡಯಾಲಿಸಿಸ್ ಖರ್ಚಿಲ್ಲದೆ ವಾರಕ್ಕೆ 3 ಸಲವಾಯಿತು: ಸೋಮವಾರ, ಬುಧವಾರ, ಶುಕ್ರವಾರ. ಅರ್ಜಿ ಕೈಗೂಡದಿದ್ದರೆ ಇನ್ನೊಂದು ದಾರಿಯನ್ನೂ ಹಿರಿಯರು ಬರೆದಿಟ್ಟುಕೊಂಡಿದ್ದರು. ಮಹಾರಾಷ್ಟ್ರದ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳು ಶೇಕಡಾ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇಕಡಾ 10ನ್ನು ಬಡವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಆದಾಯದ ದಾಖಲೆ ಹಿಡಿದು ಆಸ್ಪತ್ರೆಯ ಸಮಾಜ ಸೇವಕರನ್ನು ಕಾಣಬೇಕು.

ಸಾಲಕ್ಕೆ ಸಭೆಯ ಸಹಾಯ ನಿಧಿಯಿಂದ 60,000 ರೂಪಾಯಿ ಅಸಲಿಗೇ ಕಟ್ಟಿದರು. ಅದನ್ನು ಕೈಗಡವಾಗಿ ಕೊಡದೆ ದಾನವಾಗಿ ಕೊಟ್ಟರು, ಯಾರು ಎಷ್ಟು ಕೊಟ್ಟರೆಂದು ಎಲ್ಲೂ ಓದಲಿಲ್ಲ. ಬಡ್ಡಿ 5,400ರಿಂದ 3,600ಕ್ಕೆ ಇಳಿಯಿತು.

*ಮನಸ್ಸು.* ಅಣ್ಣನಿಗೆ ವಾರಗಟ್ಟಲೆ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಟೆಂಪೊ ನಿಲ್ಲಿಸಿ ಗಂಟೆಗಟ್ಟಲೆ ಕೂತಿರುತ್ತಿದ್ದರು. ನರ್ಸ್ ಸಹೋದರಿ ಸುತ್ತಿಬಳಸದೆ ಕೇಳಿದರು, "ಸಾಯಬೇಕು ಅಂತ ಅನ್ನಿಸ್ತದೇನಣ್ಣಾ?" "ಎರಡು ಮೂರು ಸಲ ಅನ್ನಿಸ್ಯಾದ" ಎಂದರು ಅಣ್ಣ. ಹಾಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಹಲವರಿಗಿದೆ. ಆ ಭಯಕ್ಕೆ ಆಧಾರವಿಲ್ಲ, ಕೇಳಿದಾಗ ಮನುಷ್ಯನಿಗೆ ಹೊರೆ ಇಳಿಸಿದಂತಾಗುತ್ತದೆ. ಮರುದಿನವೇ ಮುನಿಸಿಪಲ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಅಣ್ಣನ ಫೋನಿನಲ್ಲಿ, ಮಗಳ ಫೋನಿನಲ್ಲಿ ಉಳಿಸಿಕೊಟ್ಟರು. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಣ್ಣನ ಪ್ರಾರ್ಥನೆ ನಿಂತುಹೋದದ್ದರಲ್ಲಿ ಎಷ್ಟೋ ಪಾಲು ಈ ಕಾಯಿಲೆಯದ್ದಾಗಿತ್ತು. ಬೈಬಲ್ಲಿನ ಪ್ರವಾದಿ ಎಲೀಯನು ಸಾವನ್ನು ಬೇಡಿ ಜಾಲಿಗಿಡದ ಕೆಳಗೆ ಮಲಗಿದಾಗ ದೇವದೂತನು ಎರಡು ಸಲ ರೊಟ್ಟಿ, ನೀರು ಕೊಟ್ಟು ಎಬ್ಬಿಸಿದನು. ದೇವರ ಪ್ರಶ್ನೆ ಬಂದದ್ದು ಅದಾಗಿ ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

*ನಂಬಿಕೆ.* ಭೇಟಿ ಗುರುವಾರ ಮಾತ್ರ, ಅಂದು ಡಯಾಲಿಸಿಸ್ ಇಲ್ಲ. 20 ನಿಮಿಷ. ಬೈಬಲ್ಲಿನ ಒಂದು ಕೀರ್ತನೆ ಓದುವುದು, ವಿವರಣೆ ಇಲ್ಲ, ಸ್ವಲ್ಪ ಮೌನ, ಅಕ್ಕ ಹೇಳಿದ ಆ ಮೂರು ವಿಷಯಗಳಿಗೆ ಮೂರು ವಾಕ್ಯದ ಪ್ರಾರ್ಥನೆ. ಚಹಾ ಬೇಡವೆಂದು ಮೊದಲೇ ಹೇಳಿ ಕೂರುವುದು. ಆರಿಸಿದ್ದು ಪ್ರಲಾಪದ, ಅಂದರೆ ದುಃಖ ತೋಡಿಕೊಳ್ಳುವ ಕೀರ್ತನೆಗಳನ್ನು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಂಥವೇ ಇದ್ದರೂ ನಮ್ಮ ಆರಾಧನೆಗಳಲ್ಲಿ ಅವು ಕಿವಿಗೆ ಬೀಳುವುದು ಅಪರೂಪ, ಮತ್ತು ಇದು ಸಭೆಗಳ ದೊಡ್ಡ ಬಡತನ. ಮೊದಲು 13, ಆಮೇಲೆ 42. ಮೂರನೆಯ ಸಲ 88. ಅದು ರಕ್ಷಿಸುವ ದೇವರಿಗೆ ಇಡುವ ಮೊರೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಹೆಚ್ಚಿನ ಪ್ರಲಾಪಗಳಂತೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ.

ಅಂದು ಬಾಗಿಲ ಬಳಿ ಕೂತಿದ್ದ ಅಣ್ಣ ಒಳಗೆ ಬಂದರು. "ಇದು ಬೈಬಲ್‌ನಾಗೇ ಅದ ಏನ್ರಿ?" ಎಂದು ಪುಸ್ತಕ ಇಸಿದುಕೊಂಡು ತಾವೇ ಓದಿದರು. ಹಾಳೆ ತಿರುವಿ, "ಮುಂದ ಇಲ್ಲೇನ್ರಿ?" ಎಂದರು. ಇಲ್ಲ, ಇಷ್ಟೇ ಎಂದರು ಹಿರಿಯರು. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ದೇವ್ರೇ, ನಿನ್ ಮ್ಯಾಲ ನನಗ ಭಾಳ ಸಿಟ್ಟದ" ಎಂದರು. ಹಿರಿಯರು "ಆಮೆನ್" ಎಂದರು. ಅದನ್ನು ಪ್ರಾರ್ಥನೆಯಾಗಿ ಸ್ವೀಕರಿಸಿದ್ದು ಈ ಪ್ರಕರಣದ ತಿರುವು. ಹಾಗೆಲ್ಲ ಮಾತಾಡಬಾರದು ಎಂದು ತಡೆದಿದ್ದರೆ ಅಣ್ಣ ಮತ್ತೆ ಬಾಗಿಲಾಚೆ ಹೋಗುತ್ತಿದ್ದರು.

ಅಪರಾಧ ಭಾವವನ್ನು ಬೇರೆಯಾಗಿ, ವಚನ ಹಿಡಿದೇ ಬಿಡಿಸಬೇಕಾಯಿತು, ಏಕೆಂದರೆ ಅದು ಅವರೊಳಗೆ ಇಳಿದದ್ದೂ ವಚನದ ಹೆಸರಿನಲ್ಲೇ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಯಾರ ಪಾಪ ಎಂದು ಕೇಳುತ್ತಾರೆ, ಯೇಸು ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎನ್ನುತ್ತಾನೆ. ಎರಡನೆಯ ಅರಸುಗಳು 20ರಲ್ಲಿ ಕಾಯಿಲೆ ಬಿದ್ದ ಅರಸ ಹಿಜ್ಕೀಯನ ಪ್ರಾರ್ಥನೆಗೆ ಹದಿನೈದು ವರ್ಷ ಆಯುಷ್ಯ ಸಿಕ್ಕಿತು, ಆದರೂ ಪ್ರವಾದಿ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದನು. ಅಪೊಸ್ತಲ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋದೆನೆಂದು ಬರೆಯುತ್ತಾನೆ. ಪೌಲನಿಗೆ ನಂಬಿಕೆ ಸಾಲದಾಗಿತ್ತೇ ಎಂದು ಹಿರಿಯರು ಕೇಳಿದಾಗ ಅಣ್ಣನಿಂದ ಉತ್ತರ ಬರಲಿಲ್ಲ. ಆದರೆ ಕುಡಿತದ ಹಳೆಯ ಮಾತು ಆಮೇಲೆ ಅವರ ಬಾಯಲ್ಲಿ ಬರುವುದು ಕಡಿಮೆಯಾಯಿತು.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದಿದೆ, ಹೊತ್ತು ತಂದವರ ನಂಬಿಕೆಯನ್ನು. ಇದರ ಮೇಲೆ ಸಭೆ ಅಣ್ಣನಿಗೆ ಒಂದು ಮಾತು ಕೊಟ್ಟಿತು: ನಿಮಗೆ ಪ್ರಾರ್ಥಿಸಲು ಆಗುವವರೆಗೆ ನೀವು ಪ್ರಾರ್ಥಿಸಬೇಕಿಲ್ಲ, ನಿಮ್ಮ ಪಾಲಿನದ್ದನ್ನು ನಾವು ಮಾಡುತ್ತೇವೆ. ಕರ್ತನ ಭೋಜನ ಮನೆಗೆ ಬಂದಾಗ ಅಕ್ಕ ತೆಗೆದುಕೊಂಡರು, ಅಣ್ಣ ಬೇಡವೆಂದರು, ಯಾರೂ ಒತ್ತಾಯಿಸಲಿಲ್ಲ. ಆ ಪುಟ್ಟ ಲೋಟದ ಒಂದು ಗುಟುಕು ದ್ರಾಕ್ಷಾರಸ ಅಕ್ಕನ ಮಿತಿಯೊಳಗೇ ಇತ್ತು, ಆ ದಿನದ ಲೆಕ್ಕಕ್ಕೆ ಸೇರಿಸಿಕೊಂಡರು.

ಆದದ್ದು

ಅಕ್ಕ ಗುಣವಾಗಿಲ್ಲ. ಮೂತ್ರಪಿಂಡ ಕೊಡಲು ಮುಂದೆ ಬಂದ ಅಣ್ಣನಿಗೂ ಸಕ್ಕರೆ ಕಾಯಿಲೆ ಇರುವುದು ತಪಾಸಣೆಯಲ್ಲಿ ಗೊತ್ತಾಗಿ ಕಸಿಯ ಮಾತು ಅಲ್ಲಿಗೆ ನಿಂತಿತು. ವಾರಕ್ಕೆ 3 ಸಲ ನಡೆದೇ ಇದೆ. ಉಸಿರಾಟದ ತುರ್ತು ಮತ್ತೆ ಬಂದಿಲ್ಲ. ಮಗಳು ಪರೀಕ್ಷೆ ಪಾಸಾದಳು.

ಅಣ್ಣ ಕೆಲವು ತಿಂಗಳ ಮೇಲೆ ಆರಾಧನೆಗೆ ಬಂದರು, ಕೊನೆಯ ಬೆಂಚಿನಲ್ಲಿ ಕೂತರು. ಡೋಲಕ್ ಈಗ ಒಬ್ಬ ಹುಡುಗ ಬಾರಿಸುತ್ತಾನೆ, ಅಣ್ಣ ಅವನಿಗೆ ಹಗ್ಗ ಬಿಗಿದು ಶ್ರುತಿ ಮಾಡಿಕೊಡುತ್ತಾರೆ. ಕೆಲಸವಿಲ್ಲದ ದಿನ ರೇಷನ್ ಕಾರ್ಡಿನ ತೊಡಕಿರುವ ಬೇರೆ ಕುಟುಂಬಗಳ ಜೊತೆ ಆಫೀಸಿಗೆ ಹೋಗಿ ನಿಲ್ಲುತ್ತಾರೆ. ಒಮ್ಮೆ ಫಿಸ್ಟುಲಾ ಕಟ್ಟಿಕೊಂಡು ಮತ್ತೆ ಶಸ್ತ್ರಚಿಕಿತ್ಸೆಯಾದಾಗ ಹಳೆಯ ಕತ್ತಲೆ ತಿರುಗಿ ಬಂತು, ಎರಡು ಭಾನುವಾರ ಬರಲಿಲ್ಲ. ಆದರೆ ಈ ಸಲ ತಾವೇ ಫೋನ್ ಮಾಡಿದರು: "ಪಾಸ್ಟ್ರೇ, ಈ ವಾರ ನನ್ ಕೈಲಿ ಪ್ರಾರ್ಥನಾ ಆಗಲ್ಲ, ನೀವೇ ಮಾಡ್ರಿ." ಮೊದಲ ಸಲ ಅವರು ಯಾರಿಗೂ ಹೇಳದೆ ಮಾಯವಾಗಿದ್ದರು. ಅಣ್ಣನ ನಂಬಿಕೆ ಉಳಿದಿದೆ ಎಂದು ಹೇಳಲು ಈ ಫೋನಿಗಿಂತ ಬೇರೆ ಆಧಾರ ಬೇಕಿಲ್ಲ.

ಬೇರೆ ಸಭೆಗಳಿಗೆ

ಅಣ್ಣ ಮರಳಿದಾಗ ಸಾಕ್ಷಿ ಹೇಳಿಸಬೇಕೆಂಬ ಒತ್ತಡ ಬಂತು. ಸಭಾಪಾಲಕರು ಒಪ್ಪಲಿಲ್ಲ, ಅದು ಸರಿಯಾದ ತೀರ್ಮಾನ. ವೇದಿಕೆಗೆ ಹತ್ತಿದವನು ಗೆದ್ದ ಕತೆಯನ್ನೇ ಹೇಳಬೇಕಾಗುತ್ತದೆ. ಮರುವಾರ ಕುಸಿದರೆ ಸಭೆಯ ಮುಂದೆ ಮುಖ ತೋರಿಸುವುದು ಅವನಿಗೆ ಇನ್ನೂ ಕಷ್ಟವಾಗುತ್ತದೆ. ಅದರ ಬದಲು ತಿಂಗಳಿಗೊಂದು ಭಾನುವಾರ ಪ್ರಲಾಪದ ಒಂದು ಕೀರ್ತನೆಯನ್ನು ಆರಾಧನೆಯಲ್ಲೇ ಓದುವ ರೂಢಿ ತಂದರು.

ಭೇಟಿಗೆ ಹೋಗುವವರು ಮೊದಲು ಫೋನ್ ಮಾಡಿ ಮೂರು ಸಂಗತಿ ಕೇಳಬೇಕು: ಡಯಾಲಿಸಿಸ್ ಯಾವ ದಿನ, ಯಾವ ಕೈ ಮುಟ್ಟಬಾರದು, ಏನು ತರಬಾರದು. ಶುಕ್ರವಾರದಿಂದ ಸೋಮವಾರದವರೆಗಿನ ಬಿಡುವು ವಾರದಲ್ಲೇ ಉದ್ದದ್ದು, ನೀರು ಮೈಯಲ್ಲಿ ಹೆಚ್ಚು ತುಂಬುವುದು ಆಗಲೇ. ಹಾಗಾಗಿ ಭಾನುವಾರ ಆರಾಧನೆ ಮುಗಿಸಿ ಚಹಾ ಹಂಚುವವರು ಅಕ್ಕನ ಕೈಗೆ ಈಗ ಅರ್ಧ ಕಪ್ ಮಾತ್ರ ಕೊಡುತ್ತಾರೆ. ಹೇಗಿದ್ದೀರಿ ಎಂದು ಕೇಳುವ ಬದಲು ಸಾಲ ಎಷ್ಟಿದೆ, ಬಡ್ಡಿ ಎಷ್ಟು ಎಂದು ಕೇಳುವ ಧೈರ್ಯ ಹಿರಿಯರಲ್ಲಿ ಒಬ್ಬರಿಗಾದರೂ ಇರಬೇಕು. ಕೇಳಿದ್ದನ್ನು ಹೊರಗೆ ಬಿಡದ ಶಿಸ್ತೂ ಬೇಕು.

ಆ ಸ್ವಸ್ಥತೆಯ ಕೂಟದ ವಿರುದ್ಧ ಪ್ರಸಂಗ ಪೀಠದಿಂದ ಮಾತಾಡಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಅಣ್ಣನಂತೆಯೇ ಬೇರೆ ದಾರಿ ಕಾಣದೆ ಹೋದವರು, ಬೈದರೆ ಅವರು ಮುಚ್ಚಿಟ್ಟು ಹೋಗುತ್ತಾರೆ. ಸದ್ಯಕ್ಕೆ ಸಭೆ ಎಲ್ಲ ಮನೆಗಳಿಗೂ ಹೇಳಿರುವುದು ಇಷ್ಟು: ಔಷಧಿ ಬಿಡಿ ಎಂದು ಯಾರಾದರೂ ದೇವರ ಹೆಸರಿನಲ್ಲಿ ಹೇಳಿದರೆ, ಬಿಡುವ ಮೊದಲು ಸಭಾಪಾಲಕರಿಗೆ ಒಂದು ಫೋನ್ ಮಾಡಿ, ನಡುರಾತ್ರಿಯಾದರೂ ಸರಿ.